ಗಾಜಿನ ಕಪಾಟಿನ ಕೂಗಪ್ಪ

ವೇದಿಕೆಯ ಮೇಲೆ ಎಲ್ಲರಿಗಿಂತ ದೊಡ್ಡ ಕುರ್ಚಿಯಲ್ಲಿ ವಿರಾಜಮಾನರಾಗಿರುವ, ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರಾದ ಶ್ರೀ ಶಂಭುಲಿಂಗಪ್ಪನವರೇ, ದಸರಾ ಗೊಂಬೆ ಸ್ಪರ್ಧೆಯ ತೀರ್ಪುಗಾರರಾದ ಶ್ರೀಮತಿ ಕಲ್ಯಾಣಿ ಮೇಡಂ ಅವರೇ, ಮುಂದಿನ ಸಾಲಿನಲ್ಲಿರುವ ನನ್ನ ಅಜ್ಜಿ ಅಮ್ಮಣ್ಣಿಯವರೇ, ಪಕ್ಕದಲ್ಲಿ ಫೋನ್ ನೋಡುತ್ತಿರುವ ನನ್ನ ಅಮ್ಮನೇ, ಉಪ್ಪಿಟ್ಟಿನ ಪಾತ್ರೆಯ ಕಡೆ ಒಂದು ಕಣ್ಣಿಟ್ಟು ಕುಳಿತಿರುವ ಜಯನಗರದ ಸಮಸ್ತ ಸಭಿಕರೇ, ಮತ್ತು ವೇದಿಕೆಯ ಮೂಲೆಯ ಗಾಜಿನ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ನಿಂತಿರುವ, ನಮ್ಮೆಲ್ಲರಿಗಿಂತ ದೂರದಿಂದ ಬಂದ ಅತಿಥಿಯೇ!

ನನ್ನ ಹೆಸರು ಪ್ರಕೃತಿ. ಒಂಬತ್ತನೇ ತರಗತಿ. ನಮ್ಮ ಮನೆಯ ಗೊಂಬೆಗಳಿಗೆ ಮೊದಲ ಬಹುಮಾನ ಬಂದಿದೆ. ಅಜ್ಜಿಗೆ ಮೈಕ್ ಎಂದರೆ ನಾಚಿಕೆ. ಆದ್ದರಿಂದ ಮನೆಯ ಪರವಾಗಿ ನಾನು ಎರಡು ಮಾತು ಆಡಬೇಕೆಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದ್ದಾರೆ. ಆಡುತ್ತೇನೆ. ಆದರೆ ಎರಡಕ್ಕೆ ನಿಲ್ಲಿಸುವುದಿಲ್ಲ. ನನಗೆ ಮೈಯೆಲ್ಲ ಉರಿಯುವಷ್ಟು ಕೋಪ ಬಂದಿದೆ.

ನಮಗೆ ಬಹುಮಾನ ಬಂದದ್ದು ಯಾತಕ್ಕೆ? ಕಲ್ಯಾಣಿ ಮೇಡಂ ಈಗಷ್ಟೇ ಹೇಳಿದರು: ಪಟ್ಟದ ಗೊಂಬೆಗಳ ಪಕ್ಕ ನಿಂತಿದ್ದ ಎರಡು ಹಸಿರು ಗೊಂಬೆಗಳ ಕಣ್ಣಿನಲ್ಲಿ ಅದೇನು ಜೀವಕಳೆ ಎಂದು. ಮೇಡಂ, ಜೀವಕಳೆ ಇರದೆ ಇನ್ನೇನಿರುತ್ತದೆ? ಅವು ಬದುಕಿದ್ದವು! ಅವು ಬೇರೆ ಗ್ರಹದಿಂದ ಬಂದವು. ನಗಬೇಡಿ. ಮೂರನೇ ಸಾಲಿನ ಅಂಕಲ್, ನಿಮಗೇ ಹೇಳುತ್ತಿರುವುದು.

ನವರಾತ್ರಿಯ ಮೊದಲ ದಿನ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಗೊಂಬೆ ಮೆಟ್ಟಿಲ ಮೇಲೆ ಎರಡು ಹೊಸ ಗೊಂಬೆಗಳು. ಗೇಣುದ್ದ. ಹೀರೇಕಾಯಿಯ ಬಣ್ಣ. ಒಂದೊಂದಕ್ಕೂ ಮೂರು ಕಣ್ಣು. ಅಮ್ಮ ಹೇಳದೆ ಕೇಳದೆ ತಂದಿಟ್ಟಿದ್ದಾಳೆ ಎಂದು ಅಜ್ಜಿಗೆ ಸಿಟ್ಟು. ಅಜ್ಜಿ ಹೇಳದೆ ಕೇಳದೆ ತಂದಿಟ್ಟಿದ್ದಾಳೆ ಎಂದು ಅಮ್ಮನಿಗೆ ಸಿಟ್ಟು. ಒಬ್ಬರಾದರೂ ಬಾಯಿಬಿಟ್ಟು ಕೇಳಿದರೇ? ನಮ್ಮ ಮನೆಯಲ್ಲಿ ಸಿಟ್ಟು ಬಂದರೆ ಕೇಳುವುದಿಲ್ಲ, ಪಾತ್ರೆಗಳನ್ನು ಜೋರಾಗಿ ಇಡುತ್ತಾರೆ. ಆ ಹಬ್ಬದಲ್ಲಿ ನಮ್ಮ ಸಾರಿನ ಪಾತ್ರೆ ನೆಗ್ಗಿಹೋಯಿತು.

ಸಂಜೆಯಾದರೆ ನೀವೆಲ್ಲ ಗೊಂಬೆ ನೋಡಲು ಬಂದಿರಿ. ಬಂದು ಏನು ಕೇಳಿದಿರಿ? "ಎಷ್ಟ್ ಮುದ್ದಾಗಿದೆ ರೀ, ಚನ್ನಪಟ್ಟಣದ್ದಾ?" "ಎಷ್ಟಕ್ ಕೊಟ್ರು? ಗಾಂಧಿಬಜಾರಲ್ಲಿ ಇನ್ನೂ ಕಡಿಮೆಗೆ ಸಿಗತ್ತೆ." ಒಬ್ಬ ಆಂಟಿ ಅದರ ನಡುಗಣ್ಣನ್ನು ಉಗುರಿನಿಂದ ಕೆರೆದು, "ಬಣ್ಣ ಬಿಡತ್ತಾ?" ಎಂದರು. ಆಂಟಿ, ನಿಮ್ಮ ಕಣ್ಣನ್ನು ಯಾರಾದರೂ ಕೆರೆದರೆ ಬಣ್ಣ ಬಿಡುತ್ತದೆಯೇ?

ಒಂದು ದಿನ ಅಮ್ಮ ಆಫೀಸಿನಿಂದ ಬಂದಿರಲಿಲ್ಲ, ಅಜ್ಜಿ ಇನ್ನೊಂದು ಮನೆಯ ಗೊಂಬೆ ನೋಡಲು ಹೋಗಿದ್ದಳು, ನನಗೆ ದೀಪ ಕಾಯುವ ಕೆಲಸ. ಬೇಜಾರಿಗೆ ಆ ಹಸಿರು ಗೊಂಬೆಗೆ ತಮಾಷೆ ಮಾಡಿದೆ. "ಏನಪ್ಪಾ, ಊಟ ಆಯ್ತಾ?"

"ಇಲ್ಲಮ್ಮಾ, ಯಾರೂ ಕೇಳ್ಲೇ ಇಲ್ವಲ್ಲ," ಎಂದಿತು ಅದು.

ನಾನು ಹಿಂದಕ್ಕೆ ಹಾರಿದ ರಭಸಕ್ಕೆ ರಂಗೋಲಿಯ ಮೇಲೆ ಕುಕ್ಕರಿಸಿದೆ. ಆಮೇಲೆ ಗೊತ್ತಾಯಿತು. ಅವರ ಲೋಕದಲ್ಲಿ ಒಂದು ಮರ್ಯಾದೆ. ಬೇರೆಯವರ ಜಾಗಕ್ಕೆ ಹೋದಾಗ ಅಲ್ಲಿಯ ಯಜಮಾನರ ಪೈಕಿ ಯಾರಾದರೂ "ಊಟ ಆಯ್ತಾ" ಎಂದು ಕೇಳುವವರೆಗೆ ಅತಿಥಿ ಅಲುಗಾಡಬಾರದು, ಮಾತಾಡಬಾರದು, ಪ್ರಾಣ ಹೋದರೂ ಸರಿ. ದಾರಿಯಲ್ಲಿ ಹೋಗುವವರನ್ನೂ "ಊಟ ಆಯ್ತಾ" ಎಂದು ಕೇಳುವ ಊರು ನಮ್ಮದು. ಆ ಸಾಲುಸಾಲು ಜನರಲ್ಲಿ ಒಬ್ಬರಿಗೂ ಅವರನ್ನು ಕೇಳಬೇಕೆನಿಸಲಿಲ್ಲ.

ಹೆಸರು ಹೇಳು ಎಂದೆ. ಕುಕ್ಕರ್ ಕೂಗಿದ ಹಾಗೆ ಕೂಗಿದ. ಪಕ್ಕದ ಮನೆಯ ಆಂಟಿ ಒಲೆ ಆರಿಸಲು ಓಡಿದರು. ಅದಕ್ಕೇ ಅವನಿಗೆ ಕೂಗಪ್ಪ ಎಂದು ಹೆಸರಿಟ್ಟೆ. ಜೊತೆಗೆ ಬಂದವಳು ಅವನ ಅಕ್ಕ. ಅವಳು ಕಡಿಮೆ ಮಾತಿನವಳು. ಚಕ್ಕುಲಿ ಕೊಟ್ಟೆ, ಉಗಿದರು. ಕೊಬ್ಬರಿ ಮಿಠಾಯಿ ಕೊಟ್ಟೆ, ಅತ್ತರು. ಕೊನೆಗೆ ಗೊಂಬೆ ಪೆಟ್ಟಿಗೆಯಲ್ಲಿದ್ದ ನುಸಿಗುಳಿಗೆಯನ್ನು ಪೆಪ್ಪರ್‌ಮಿಂಟಿನ ಹಾಗೆ ಕಟುಮ್ ಕಟುಮ್ ಎಂದು ತಿಂದರು. ಸಭೆಯಲ್ಲಿರುವ ಚಿಕ್ಕ ಮಕ್ಕಳೇ, ಅದು ನಮಗೆ ವಿಷ, ಯಾರೂ ಬಾಯಿಗಿಟ್ಟುಕೊಳ್ಳಬಾರದು.

ಕೂಗಪ್ಪನನ್ನು ಸ್ಕೂಲ್ ಬ್ಯಾಗಿನಲ್ಲಿಟ್ಟುಕೊಂಡು ಸಿದ್ದಾಪುರದ ನರ್ಸರಿಗಳಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯ ಯಜಮಾನರು ನನ್ನನ್ನು "ಊಟ ಆಯ್ತಾ" ಎಂದದ್ದೇ ಅವನಿಗೂ ಸಾಕಾಯಿತು, ಒಂದು ಪಾಪಾಸುಕಳ್ಳಿಯನ್ನು ನೋಡಿ "ಚಿಕ್ಕಮ್ಮಾ" ಎಂದು ಕಾಲಿಗೆ ಬಿದ್ದ. ಚಿಕ್ಕಮ್ಮ ಮಾತಾಡಲಿಲ್ಲ. "ಪಾಪ, ಅವರನ್ನೂ ಯಾರೂ ಕೇಳಿಲ್ಲ ಅನ್ಸತ್ತೆ," ಎಂದು ಕುಂಡದ ಮುಂದೆ ನಿಂತು ಊಟ ಆಯ್ತಾ, ಊಟ ಆಯ್ತಾ ಎಂದು ಕೇಳಿದ್ದೇ ಕೇಳಿದ್ದು. ನರ್ಸರಿಯವರು ನನ್ನನ್ನು ಒಂದು ಥರಾ ನೋಡಿದರು.

ಇನ್ನೊಂದು ವಿಷಯ. ದಸರೆಗೂ ರಜೆ ಕೊಡದ ನಮ್ಮ ಸ್ಕೂಲಿನಿಂದ ಬಂದರೆ ಮೊದಲು ಅವನೇ ಕೇಳುತ್ತಿದ್ದ, "ನಿಂದಾಯ್ತಾ?" ಎಂದು. ಆಯ್ತು ಎಂದರೆ ಬಿಡುತ್ತಿರಲಿಲ್ಲ. "ಏನ್ ತಿಂದೆ? ಯಾರ್ ಜೊತೆ ಕೂತ್ಕೊಂಡ್ ತಿಂದೆ?" ನನಗೆ ಈ ವರ್ಷ ಹೊಸ ಸ್ಕೂಲು. ಯಾರ ಜೊತೆ ಅಂತ ಹೇಳಲಿ? ನಮ್ಮ ಮನೆಯಲ್ಲಿ ವಾಟ್ಸಾಪ್ ಗ್ರೂಪಿನಲ್ಲಿ ಅನ್ನ ಫ್ರಿಜ್‌ನಲ್ಲಿದೆ ಎಂದು ಮೆಸೇಜ್ ಬರುತ್ತದೆ, ನಾನು ಹೆಬ್ಬೆರಳು ಒತ್ತುತ್ತೇನೆ, ಅಲ್ಲಿಗೆ ಮುಗಿಯಿತು. ಅದೆಲ್ಲ ಇಲ್ಲಿ ಬೇಡ. ಅಮ್ಮ, ನೀನು ಹಾಗೆ ನೋಡಬೇಡ. ವಿಷಯಕ್ಕೆ ಬರುತ್ತೇನೆ.

ಗೆದ್ದ ಮನೆಯ ಅತ್ಯುತ್ತಮ ಗೊಂಬೆಯನ್ನು ಬಹುಮಾನದ ದಿನದವರೆಗೆ ಸಂಘದ ಗಾಜಿನ ಕಪಾಟಿನಲ್ಲಿಡಬೇಕು ಎನ್ನುವುದು ನಮ್ಮ ಬಡಾವಣೆಯ ಪದ್ಧತಿ. ಶಂಭುಲಿಂಗಪ್ಪನವರು ಬಂದರು, ಕೂಗಪ್ಪನನ್ನು ಬದನೆಕಾಯಿ ಆರಿಸಿದ ಹಾಗೆ ಆರಿಸಿ, ತೋಳಿನಡಿ ಸಿಕ್ಕಿಸಿಕೊಂಡು ಹೊರಟರು. ಅವನ ಅಕ್ಕನನ್ನು ಮಾತ್ರ ನಾನು ಬ್ಯಾಗಿಗೆ ಹಾಕಿ ಉಳಿಸಿಕೊಂಡೆ. ನಮ್ಮ ಹೊಸ್ತಿಲು ದಾಟಿದ್ದೇ ಕೂಗಪ್ಪ ಮತ್ತೆ ಅಲುಗದ ಗೊಂಬೆಯಾದ, ನಾನು ಗೇಟಿನ ತನಕ ಅಧ್ಯಕ್ಷರ ಹಿಂದೆ ಓಡಿದೆ. "ಅಂಕಲ್, ಅದಕ್ಕೆ ಜೀವ ಇದೆ!" ಎಂದು ಕಿರುಚಿದೆ. ಅವರು ನನ್ನ ತಲೆ ಸವರಿ ಏನೆಂದರು ಗೊತ್ತೇ? "ಪುಟ್ಟಾ, ಒಳ್ಳೇ ಕಲೆಗೆ ಯಾವಾಗ್ಲೂ ಜೀವ ಇರತ್ತೆ."

ಅಮ್ಮನಿಗೆ ಹೇಳಿದೆ. "ಮೊಬೈಲ್ ಕಡಿಮೆ ಮಾಡು." ಅಜ್ಜಿಗೆ ಹೇಳಿದೆ. "ಮೊದಲನೇ ಬಹುಮಾನ ಕಣೇ, ಸುಮ್ನಿರು." ಕಿವಿ ಎಂಬುದನ್ನು ದೇವರು ನಿಮಗೆಲ್ಲ ಓಲೆ ಹಾಕಿಕೊಳ್ಳಲಿಕ್ಕೆ ಮಾತ್ರ ಕೊಟ್ಟಿದ್ದಾನೆಯೇ?

ಈಗ ಆ ಕಪಾಟಿನ ಕಡೆ ನೋಡಿ. ಹೀರೇಕಾಯಿ ಬಣ್ಣದವನು ಸುಣ್ಣದ ಬಣ್ಣಕ್ಕೆ ತಿರುಗಿದ್ದಾನೆ. ತಂದಿಟ್ಟಾಗಿನಿಂದ ಅವನ ಹೊಟ್ಟೆಗೆ ಏನೂ ಬಿದ್ದಿಲ್ಲ. ಇದೇ ಕಟ್ಟಡದ ತಾರಸಿಯ ಮೇಲೆ ಒಂದು ಕಪ್ಪು ನೀರಿನ ಟ್ಯಾಂಕ್ ಇದೆಯಲ್ಲ, ಪೈಪಿಲ್ಲ, ನಲ್ಲಿಯಿಲ್ಲ, "ಇದು ಯಾರದು?" ಎಂದು ಸಂಘದವರು ನೋಟಿಸ್ ಅಂಟಿಸಿದ್ದಾರಲ್ಲ, ಅದು ಟ್ಯಾಂಕ್ ಅಲ್ಲ. ಅದು ಅವರ ವಾಹನ. ನಾನೇ ಬ್ಯಾಗಿನಲ್ಲಿ ತಂದು ಬಿಟ್ಟ ಅವನ ಅಕ್ಕ ಒಳಗೆ ಕಾಯುತ್ತಿದ್ದಾಳೆ. ನಾಳೆ ಬೆಳಿಗ್ಗೆ ಅದನ್ನು ಒಡೆಸುತ್ತೇವೆಂದು ಅಧ್ಯಕ್ಷರು ಈಗ ತಮ್ಮ ಭಾಷಣದಲ್ಲಿ ಹೆಮ್ಮೆಯಿಂದ ಹೇಳಿದರು. ಇವತ್ತು ಹೊರಡದಿದ್ದರೆ ಇಬ್ಬರೂ ಉಳಿಯುವುದಿಲ್ಲ. ತಮ್ಮನನ್ನು ಬಿಟ್ಟು ಅವಳು ಹೊರಡುವುದೂ ಇಲ್ಲ.

ಸಾರ್, ಮೈಕಿಗೆ ಕೈ ಹಾಕಬೇಡಿ! ಮಾತಾಡುವವರು ತಾವಾಗಿ ಮುಗಿಸುವ ತನಕ ಯಾರೂ ಮೈಕ್ ಕಿತ್ತುಕೊಳ್ಳಬಾರದೆಂದು ನಿಯಮ ಮಾಡಿದವರು ನೀವೇ. ರಸ್ತೆಗುಂಡಿಯ ಬಗ್ಗೆ ನೀವು ಮಾತಾಡಿದ ದಿನ ಉಪ್ಪಿಟ್ಟು ಆರಿ ಕಲ್ಲಾಗಿತ್ತು, ಆದರೂ ನಾವೆಲ್ಲ ಕುಳಿತಿದ್ದೆವು. ಇವತ್ತು ನೀವು ಕುಳಿತುಕೊಳ್ಳಿ. ಕಪಾಟಿನ ಬೀಗ ತೆಗೆಯುವ ತನಕ ನಾನು ಮುಗಿಸುವುದಿಲ್ಲ. ಬೇಕಾದರೆ ಹತ್ತೊಂಬತ್ತರ ಮಗ್ಗಿ ಹೇಳುತ್ತೇನೆ. ಬೀಗದ ಕೈ ಮನೆಯಲ್ಲಿದೆಯೇ? ಸುಳ್ಳು! ನಿಮ್ಮ ಜುಬ್ಬದ ಜೇಬಿನಲ್ಲಿ ಝಣಝಣ ಎನ್ನುತ್ತಿದೆ.

ಹಾಂ, ತೆಗೆಯಿರಿ. ಇನ್ನೂ ಮುಗಿದಿಲ್ಲ. ಈ ಸಭಾಂಗಣಕ್ಕೆ ಯಜಮಾನರು ನೀವು. ನಾನು ಕೇಳಿದರೆ ಇಲ್ಲಿ ನಡೆಯುವುದಿಲ್ಲ, ಗಾಜಿಗೆ ಬಾಯಿಟ್ಟು ಎಷ್ಟೋ ಸಲ ಕೇಳಿ ನೋಡಿದೆ. ನೀವೇ ಕೇಳಬೇಕು. "ಮಾನ್ಯ ಅತಿಥಿಗಳ ಭೋಜನವಾಯಿತೇ" ಎಂದಲ್ಲ ಸಾರ್! ಮನೆಗೆ ಬಂದವರನ್ನು ಕೇಳುವ ಹಾಗೆ ಕೇಳಿ. ಜೋರಾಗಿ.

ಇನ್ನೊಂದು ಸಲ ಸಾರ್.

ಕೂಗಪ್ಪಾ. ಲೋ ಕೂಗಪ್ಪಾ, ಕೇಳಿದ್ರಲ್ಲೋ, ಉತ್ತರ ಹೇಳೋ. ನೋಡಿ, ಯಾರಾದರೂ ನಕ್ಕರೆ ನಾನು ಸುಮ್ಮನಿರುವುದಿಲ್ಲ! ಎಷ್ಟು ಜನರ ಹತ್ತಿರ ಹೇಳಿದೆ ನಾನು, ಎಷ್ಟು ಸಲ ಹೇಳಿದೆ...

ಅಯ್ಯೋ! ನಡುಗಣ್ಣು! ನೋಡಿದಿರಾ? "ಇಲ್ಲ ಸಾರ್" ಎಂದ! ಎಲ್ಲರಿಗೂ ಕೇಳಿಸಿತಲ್ಲ? ತಗೋ, ನುಸಿಗುಳಿಗೆ ಜೇಬು ತುಂಬ ತಂದಿದ್ದೇನೆ, ಮೆಲ್ಲಗೆ ತಿನ್ನು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅಧ್ಯಕ್ಷರಿಗೆ ಯಾರಾದರೂ ನೀರು ಕೊಡಿ. ಕಲ್ಯಾಣಿ ಮೇಡಂ, ಆ ಬಹುಮಾನವನ್ನು ನಿಜವಾದ ಗೊಂಬೆ ಕೂರಿಸಿದವರಿಗೆ ಕೊಟ್ಟುಬಿಡಿ. ಕೂಗಪ್ಪಾ, ಮೆಟ್ಟಿಲು ಆ ಕಡೆ. ದಾರಿ ಬಿಡಿ, ದಾರಿ ಬಿಡಿ. ತುಳಿಯಬೇಡಿ ಅವನನ್ನ!

ಎಲ್ಲರೂ ತಾರಸಿಗೆ ಓಡಿದಿರಿ. ಅಜ್ಜಿ, ಮೊಣಕಾಲು ಎತ್ತಿಡಕ್ಕಾಗಲ್ಲ ಎನ್ನುತ್ತಿದ್ದವಳು ನೀನೇ ಮುಂದೆ! ಉಪ್ಪಿಟ್ಟಿನವರೂ ಸೌಟು ಹಿಡಿದುಕೊಂಡೇ ಹೋದರು. ಇರಲಿ. ಖಾಲಿ ಕುರ್ಚಿಗಳೇ, ನೀವಾದರೂ ಕೇಳಿ.

ಅವನು ಬಾಗಿಲ ಹತ್ತಿರ ತಿರುಗಿ "ಬಾ" ಎಂದು ಸನ್ನೆ ಮಾಡಿದ. ನಾನು ಹೋಗಲಿಲ್ಲ. ಅವನ ಮೇಲೆ ಕೋಪ. ಇಷ್ಟು ಕಷ್ಟಪಟ್ಟು ಬಿಡಿಸಿದ್ದು ಕಳಿಸಲಿಕ್ಕೇ, ಗೊತ್ತು ನನಗೆ, ಆದರೂ ಕೋಪ. ನಾನು ಮೇಲೆ ಹೋದರೆ ಖಂಡಿತ ಕೂಗಿ ಕರೆಯುತ್ತೇನೆ. ಹೊರಟವರನ್ನು ಹಿಂದಿನಿಂದ ಕರೆಯಬಾರದು, ಹೋಗುವ ಕೆಲಸ ಕೆಡುತ್ತದೆ ಎನ್ನುತ್ತಾಳೆ ಅಜ್ಜಿ. ನಾನು ಕರೆದರೆ ಅವನು ಬಂದೇ ಬರುತ್ತಾನೆ. ಅದಕ್ಕೇ ಬಾಯಿಗೆ ಬಿಡುವು ಕೊಡದೆ ಇಲ್ಲೇ ನಿಂತು ಮಾತಾಡುತ್ತಿದ್ದೇನೆ. ಮೈಕ್ ವ್ಯವಸ್ಥೆ ಮಾಡಿದವರಿಗೆ ಧನ್ಯವಾದ. ಕುರ್ಚಿ ಹಾಕಿದವರಿಗೆ ಧನ್ಯವಾದ. ಬೀಗ ತೆಗೆದ ಅಧ್ಯಕ್ಷರಿಗೆ ಧನ್ಯವಾದ. ಹೂವಿನ ಹಾರ ಕಟ್ಟಿದವರಿಗೆ ಧನ್ಯವಾದ. ಕರೆಂಟ್ ಹೋಗದೆ ಇದ್ದದ್ದಕ್ಕೆ ಧನ್ಯವಾದ. ಇನ್ನು ಯಾರಿಗೆ, ಇನ್ನು ಯಾರಿಗೆ ಹೇಳಲಿ...

ಮೇಲೆ ಚಪ್ಪಾಳೆ ಕೇಳಿಸುತ್ತಿದೆ. ಹೊರಟ ಅನ್ನಿಸುತ್ತದೆ.

ನಮಸ್ಕಾರ.