ಅಟ್ಟದ ಗಂಟು

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿ, ನಯನಾಳ ಮುಂದಿನ ಸೀಟಿನವಳು ತೊಡೆಯ ಮೇಲಿನ ಹೊಸ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು, ಮುಚ್ಚುತ್ತಿದ್ದಳು. ಆ ಸದ್ದಿಗೆ ನಯನಾಳ ಕಿವಿ ಅತ್ತಲೇ ಹೋಯಿತು.

“ಹಳೇ ಬಟ್ಟೆ ಕೊಟ್ಟು ಪಾತ್ರೆ ತಗಳೋದು ಎಲ್ರೂ ಮಾಡ್ತಾರೆ ಬಿಡು ರೇಖಾ,” ಅಂದಳು ಅವಳ ಪಕ್ಕದವಳು.

“ಹುಡುಗ್ರು ಸ್ಕೂಲಿಂದ ಬರೋದ್ರೊಳಗೆ ಅಟ್ಟ ಖಾಲಿ ಮಾಡ್ಬೇಕಿತ್ತಕ್ಕಾ. ಗಂಟು ಬಿಚ್ಚಿ ನೋಡ್ದೆ ಹಂಗೇ ಪಾತ್ರೆಯವಳಿಗೆ ಕೊಟ್ಟುಬಿಟ್ಟೆ.”

“ಏನಿತ್ತು ಅದ್ರಾಗೆ?”

“ತೀರಿಕೊಂಡ ನಮ್ಮ ಮಾವನ ಧೋತ್ರ. ಮೊಮ್ಮಗಳಿಗೆ ಕೌದಿ ಹೊಲಿಯಾಕೆ ಅಂತ ಅತ್ತೆ ಎತ್ತಿಟ್ಟಿದ್ರಂತೆ. ಇವತ್ತು ಸಾರಥಿ ಊರಿಂದ ಬಂದೋರೇ ಸೂಜಿ-ದಾರ ಕೇಳಿದ್ರು. ತರಕಾರಿ ನೆಪ ಹೇಳಿ ಬಂದೀನಿ.”

“ಬ್ಯಾರೆ ಹಳೇ ಧೋತ್ರ ಇಡು. ಗೊತ್ತಾಗಲ್ಲ.”

“ಹರಿದಲ್ಲೆಲ್ಲ ಹೊಲಿಗೆ ಹಾಕಿದೋರು ಅವ್ರೇ. ಗೊತ್ತಾಗಲ್ವಾ?”

“ಪಾತ್ರೆಯವಳು ಹರಿಹರದಾಗೆ ಸಿಗ್ತಾಳಾ?”

“ಬಸ್ ಸ್ಟ್ಯಾಂಡ್ ಹಿಂದೆ ಮನೆ ಅಂದಿದ್ಲು. ಈ ಡಬ್ಬಿ ವಾಪಸ್ ಕೊಟ್ಟು ಗಂಟು ಇಸ್ಕೊಂಡು ಬರ್ಬೇಕು.”

ರೇಖಾಳಿಗೆ ಫೋನ್ ಬಂತು.

“ಹೂಂ ಅತ್ತೆ, ಅಟ್ಟದ ಮ್ಯಾಲೇ ಐತೆ. ನೀವು ಹತ್ತಬ್ಯಾಡ್ರಿ, ಬಿದ್ದೀರಿ! ನಾನೇ ಬಂದು ಇಳಿಸ್ತೀನಿ.”

ಬಸ್ಸು ನಿಲ್ದಾಣದೊಳಕ್ಕೆ ತಿರುಗಿತು. ರೇಖಾ ಡಬ್ಬಿಯನ್ನು ಎದೆಗವಚಿಕೊಂಡು ಬಾಗಿಲಿಗೆ ನುಗ್ಗಿದಳು.

“ಅತ್ತೆ ಏನಂದ್ರು?” ಪಕ್ಕದವಳು ಹಿಂದೆಯೇ ಓಡಿದಳು.

“ಪಕ್ಕದ ಮನೆಯಿಂದ ಏಣಿ ತಂದಾರಂತಕ್ಕಾ.”