ಹದಿನೈದರ ಮುಂದ

ನಗೂದಿದ್ರ ಈಗ ನಕ್ಕ ಬಿಡ್ರಿ. ನಡುವ ಯಾರರೆ ಕಿಸಕ್ ಅಂದ್ರ ನಾ ಎದ್ದ ಒಳಗ ಹೋಗ್ತೇನಿ. ಯಾಕಂದ್ರ ಇದು ನಡದದ್ದು ನನ್ನ ಕಾಕಾನ ಮಗ ಧರೆಪ್ಪಗ. ಅವನಕಿಂತ ನಾ ಎರಡ ವರ್ಷ ದೊಡ್ಡಾಕಿ. ಅಂವ ಸುಳ್ಳ ಹೇಳಿದ್ರ ಮೊದಲ ಗೊತ್ತಾಗೂದು ನನಗ.

ಹೋದ ವರ್ಷ ಚಳಿಗಾಲ... ರಾತ್ರಿ ಹತ್ತೂವರಿ. ಇಡೀ ಸಿಂದಗ್ಯಾಗ ಕರೆಂಟ್ ಹೋಗಿತ್ತು. ಧರೆಪ್ಪ ಬಸ್ ಇಳದು ನಡಕೋತ ಮನಿಗಿ ಹೊಂಟಿದ್ದ. ದಾರ್ಯಾಗ ಆಲಮೇಲ ನಾಕಾ. ಅಲ್ಲೊಂದು ಹಳೇ ಆಲದ ಗಿಡ, ಅದರ ಬುಡಕ್ಕ ಸಿಗ್ನಲ್ ಕಂಬ, ಕಂಬದ ಮ್ಯಾಲ ಒಂದು ಕಬ್ಬಿಣದ ಡಬ್ಬಿ.

ಡಬ್ಬಿ ವಿಷಯ ಮೊದಲ ಹೇಳಬೇಕು. ಕಂಪ್ಯೂಟರ್ ಗಿಂಪ್ಯೂಟರ್ ಇಲ್ಲ ಅದಕ್ಕ. ಯಾವ್ದೋ ದೊಡ್ಡ ಊರಾಗ ಐವತ್ತು ವರ್ಷ ದುಡದು ನಮ್ಮೂರಿಗಿ ಬಂದದ್ದು. ಒಳಗ ಸಣ್ಣ ಮೋಟಾರ್, ಒಂದು ಸಳಿ, ಸಳಿಗಿ ಹಿತ್ತಾಳಿ ಬಿಲ್ಲಿ. ಬಿಲ್ಲಿ ತಿರಗುವಾಗ ಟಿಕ್... ಟಿಕ್... ಅಂತೈತಿ. ಅದರ ಉಬ್ಬು ಪಟ್ಟಿಗಿ ತಾಗಿದ್ರ ಖಟಕ್, ಬಣ್ಣ ಬದಲು. ಗಾಡಿಗೋಳಿಗಿ ಕೆಂಪು ಬಿದ್ದ ಮ್ಯಾಲ ಮೂವತ್ತು ಟಿಕ್, ಆಮ್ಯಾಲ ಹಸರು. ಇದರ ರಿಪೇರಿ ಬಲ್ಲಾಂವ ಧರೆಪ್ಪ ಒಬ್ಬನ. ಕೀಲಿನೂ ಅವನ ಕಡೇನ.

ರಸ್ತೆದ ಆಚಿ ದಂಡಿಗಿ ದುರ್ಗವ್ವನ ಮನಿ. ಮಗಳು ಸುವರ್ಣಾ ರೊಟ್ಟಿ ಬಡಿತಿದ್ದಳು, ಮುದುಕಿ ಬುಟ್ಟಿ ಹೊತ್ತು ಈಚಿ ಖಾನಾವಳಿಗಿ ಮುಟ್ಟಸ್ತಿದ್ದಳು. ಎರಡೂ ಕಣ್ಣಿಗಿ ಪರಿ ಬಂದಿತ್ತು. ಬಣ್ಣ ಎಲ್ಲಿ ಕಾಣಬೇಕು? ಕಿವಿ ಮ್ಯಾಲ ದಾಟತಿದ್ದಳು. ಕೆಂಪಿನ ಖಟಕ್ ಉಳಿದವಕ್ಕಿಂತ ದಪ್ಪ. ಅದು ಬಿದ್ದಕೂಡಲೆ ಕಾಲ ಇಡಾಕಿ, ಟಿಕ್ಕಿಗೊಂದು ಹೆಜ್ಜಿ, ಬಾಯಾಗ ಎಣಸ್ಕೋತ. ಮೂವತ್ತಕ್ಕ ಸರಿಯಾಗಿ ದಂಡಿ ಮುಟ್ಟತಿದ್ದಳು. ಇದು ನಾಕಾದಾಗ ಎಲ್ಲಾರಿಗೂ ಗೊತ್ತು. ಧರೆಪ್ಪಗೂ ಗೊತ್ತು.

ಕಬ್ಬಿನ ಹಂಗಾಮಿನಾಗ ಟ್ರ್ಯಾಕ್ಟರ್ ಡ್ರೈವರ್ ಮಂದಿ ಅವಗ ಗಂಟ ಬಿದ್ರು. ಎರಡು ಟ್ರೇಲರ್ ಹೇರಿಕೊಂಡು ಏರಿನ್ಯಾಗ ನಿಂತ್ರ, ಮತ್ತ ಎಳಿಯೂ ಹೊತ್ತಿಗಿ ಮುಂದಿನ ಗಾಲಿ ಮ್ಯಾಲ ಏಳ್ತಾವ. "ಕೆಂಪು ಅರ್ಧಾ ಮಾಡಪಾ, ಭಾಳ ಹೊತ್ತ ನಿಲ್ಲಾಕ ಆಗಂಗಿಲ್ಲ" ಅಂದ್ರು. ಇಂವ ಒಂದು ಸಂಜಿ ಡಬ್ಬಿ ತಗದ. ಬಿಲ್ಲಿಯ ಸ್ಕ್ರೂ ಮ್ಯಾಲ ಕಾರಖಾನಿಯವರು ಹಾಕಿದ ಕೆಂಪ ಅರಗಿನ ಮುದ್ರಿ ಇತ್ತು. ಅದನ್ನ ಒಡದ, ಬಿಲ್ಲಿ ತಿರಗಿಸಿದ. ಮೂವತ್ತು ಹೋಗಿ ಹದಿನೈದು ಆತು.

ಮುದುಕಿಗಿ ನಾಳಿ ಹೇಳಿದ್ರಾತು ಅಂದ್ಕೊಂಡ. ಮರುದಿನ ನಸುಕಿನ್ಯಾಗ ಮುದ್ದೇಬಿಹಾಳಕ್ಕ ಹೋದ, ಭಾವನ ಮನ್ಯಾಗ ಕೂಸಿಗಿ ತೊಟ್ಟಿಲಿತ್ತು. ಹೋಳಿಗಿ ಉಂಡು ಮಲಗಿ ಮೂರನೇ ದಿನ ತಿರಗಿ ಬಂದ. ಅಷ್ಟರಾಗ ನಡು ರಸ್ತೆದಾಗ ಟ್ರ್ಯಾಕ್ಟರಿಗಿ ಸಿಕ್ಕಿದ್ದ ದುರ್ಗವ್ವನ್ನ ಮಣ್ಣ ಮಾಡಿದ್ರು.

"ಲಗೂ ಬಾ ಅಂತ ನಾನ ಅವಸರ ಮಾಡಿದ್ದೆ. ಅದಕ ಅವ್ವ ಖಟಕ್ ಕೇಳದ ಓಡಿ ಬಂದಿರಬೇಕು. ನಾನ ಕೊಂದೆ" ಅಂತ ಸುವರ್ಣಾ ಹಣಿ ಹಣಿ ಬಡಕೊಂಡಳು. ಧರೆಪ್ಪ ಎದರಿಗೇ ನಿಂತು ಕೇಳಿದ, ಬಾಯಿ ಬಿಡಲಿಲ್ಲ. ಮೂರು ತಿಂಗಳು ಬಿಡಲಿಲ್ಲ. ಯಾರರೆ ನೋಡ್ಯಾರು ಅಂತ ಬಿಲ್ಲಿ ಸರಿ ಮಾಡಾಕೂ ಹೆದರಿದ. ತಮ್ಮ ಆದ್ರೇನಾತು, ಹೇಡಿನ ಅಂವ. ಹದಿನೈದು ಹಂಗ ಉಳೀತು. ಎಣಸಾಕಿನ ಇಲ್ಲದ ಮ್ಯಾಲ ಯಾರಿಗಿ ತಿಳಿಬೇಕು?

ಕರೆಂಟ್ ಹೋದ ಆ ರಾತ್ರಿ ಆಲದ ಗಿಡದ ಕೆಳಗ ಬಂದ. ಸಿಗ್ನಲ್ಲಿನ ಮೂರೂ ದೀಪ ಆರಿದ್ದವು. ರಸ್ತೆಕ್ಕ ಕಾಲ ಇಟ್ಟ ನೋಡ್ರಿ... ಡಬ್ಬ್ಯಾಗ ಖಟಕ್. ದಪ್ಪ ಖಟಕ್.

ಟಿಕ್... ಟಿಕ್...

ಕರೆಂಟ್ ಇಲ್ಲ, ಮೋಟಾರ್ ಹ್ಯಾಂಗ ತಿರಗತೈತಿ? ಹಿಂದ ನೋಡದ ನಡದ. ನಡು ರಸ್ತೆಕ್ಕ ಬಂದಾಗ ಬಾಜೂಕ ಒಂದು ಪಿಸುದನಿ...

"ಹದಿಮೂರು... ಹದಿನಾಲ್ಕು... ಹದಿನೈದು..."

ನಿಂತಿತು. ಟಿಕ್ಕೂ ನಿಂತಿತು.

"ತಮ್ಮಾ... ಮುಂದಿಂದು ಎಷ್ಟಪಾ?"

ಧರೆಪ್ಪ ಓಡಬೇಕಂದ್ರ ಕಾಲ ಏಳವಲ್ಲವು.

"ಹದಿ... ಹದಿನಾರು, ಆಯಿ."

ಟಿಕ್. ಕಾಲ ಒಂದ ಹೆಜ್ಜಿ ಎದ್ದಿತು.

"ಆಮ್ಯಾಲ?"

"ಹದಿನೇಳು."

ಟಿಕ್.

ಒಂದೊಂದನ್ನ ಕೇಳಿದಳು, ಒಂದೊಂದನ್ನ ಹೇಳಿದ. ಇಪ್ಪತ್ತರಾಗ ಅಳಾಕ ಹತ್ತಿದ. ಮೂವತ್ತು ಅಂದಾಗ ಅವನ ಕೈ ಸುವರ್ಣಾನ ಬಾಗಲ ಮ್ಯಾಲ ಇತ್ತು. ಬಾಜೂಕ ಯಾರೂ ಇರಲಿಲ್ಲ.

ಬಾಗಲ ತಗದಾಕಿಗಿ ಎಲ್ಲಾ ಹೇಳಿದ. ಡ್ರೈವರ್ ಮಂದಿ, ಅರಗು, ಬಿಲ್ಲಿ, ಮುದ್ದೇಬಿಹಾಳ. ಸುವರ್ಣಾ ಪೂರಾ ಕೇಳಿ, "ತೋರಸು" ಅಂದಳು.

ಬೆಳಕ ಹರಿಯೂ ಮುಂದ ನನ್ನನ್ನ ಎಬ್ಬಿಸಿ ಕರಕೊಂಡು ಹೋದ್ರು, ಬ್ಯಾಟರಿ ಹಿಡಿಯಾಕ. ಅಷ್ಟೊತ್ತಿಗಿ ಕರೆಂಟ್ ಬಂದಿತ್ತು. ಧರೆಪ್ಪ ಏಣಿ ಹತ್ತಿ ಕೀಲಿ ತಗದ. ನಾವಿಬ್ಬರೂ ಒಬ್ಬರಾದ ಮ್ಯಾಲ ಒಬ್ಬರು ಹತ್ತಿ ನೋಡಿದಿವಿ. ಸ್ಕ್ರೂವಿನ ತಲಿ ಮ್ಯಾಲ ಅರಗಿನ ಮುದ್ರಿ ಇಡೀ ಐತಿ. ಒಂದು ಬಿರಕಿಲ್ಲ. ಅದರ ಮ್ಯಾಲ ವರ್ಷಗಟ್ಟಲೆ ಧೂಳು, ಧೂಳಿನ ಮ್ಯಾಲ ಜ್ಯಾಡರ ಬಲಿ. ಬಿಲ್ಲಿ ತನ್ನ ಮೊದಲಿನ ಗೀಟಿಗೇ ಕುಂತೈತಿ.

ಕೆಂಪಿನ ಖಟಕ್ ಬಿತ್ತು. ಮೂವರೂ ಎಣಿಸಿದಿವಿ. ಮೂವತ್ತು.

ಧರೆಪ್ಪ ನೆಲಕ್ಕ ಕುಂತ. "ನಾನ ಮಾಡೇನಿ ಸುವರ್ಣಾ. ಆಣಿ ಮಾಡಿ ಹೇಳ್ತೇನಿ, ನಾನ ಮಾಡೇನಿ."

ಆಕಿ ಅವನ ತಲಿ ಮ್ಯಾಲ ಕೈ ಇಟ್ಟಳು. "ನನ್ನ ಸಮಾಧಾನಕ್ಕಂತ ಇಷ್ಟ ದೊಡ್ಡ ಸುಳ್ಳ ಹೇಳಬ್ಯಾಡ ಅಣ್ಣಾ. ಅವಸರ ಮಾಡಿದಾಕಿ ನಾನ."

ಈಗೂ ಧರೆಪ್ಪ ಕಂಡಕಂಡವರಿಗಿ ಹೇಳ್ತಾನ. ಯಾರೂ ನಂಬಂಗಿಲ್ಲ, ತಲಿ ಕೆಟ್ಟೈತಿ ಅಂತಾರ. ಆದ್ರ ಅವನ ತಲಿ ಕೆಟ್ಟಿಲ್ಲ. ಅಂವ ಅರಗು ಒಡದದ್ದು ಖರೆ, ಬಿಲ್ಲಿ ತಿರಗಿಸಿದ್ದು ಖರೆ. ಆ ಸಂಜಿ ಕೆಳಗ ಏಣಿ ಹಿಡಕೊಂಡು ನಿಂತಾಕಿ ನಾನ. ಅರಗಿನ ಚೂರು ನನ್ನ ಮಾರಿ ಮ್ಯಾಲ ಬಿದ್ದಿದ್ದವು.

ಅವತ್ತು ನಾಕಾದಾಗ ಸುವರ್ಣಾ ನನ್ನ ಕಡೆ ತಿರಗಿ, "ಅಕ್ಕಾ, ನೀವರೆ ಹೇಳ್ರಿ, ಇಂವ ಹೇಳೂದು ಖರೇನೇನು?" ಅಂತ ಕೇಳಿದಳು.

ನಾ ಬ್ಯಾಟರಿ ಆರಿಸಿದೆ.