ಕಾಲು ಜಾರಿತು ಅಂದವನು

ಒಂದೂರಲ್ಲಿ ಚನ್ನಮಲ್ಲಪ್ಪ ಅಂತ ಒಬ್ಬ ಅಧಿಕಾರಿ ಇದ್ದ. ಜಿಲ್ಲೆಯಲ್ಲಿ ಯಾರು ಯಾಕೆ ಸತ್ತರು ಅನ್ನುವ ಅಂಕಿಸಂಖ್ಯೆ ಇಡುವುದು ಅವನ ಕೆಲಸ. ನೋಡಿ, ನಮ್ಮಂಥ ಸ್ವಾಮಿಗಳಿಗೆ ಆ ಕಷ್ಟವಿಲ್ಲ. ಯಾರು ಸತ್ತರೂ ‘ಶಿವನ ಇಚ್ಛೆ’ ಅಂದು ಪ್ರಸಾದಕ್ಕೆ ಕೂತುಬಿಡುತ್ತೇವೆ.

ಅವನ ಕಚೇರಿಗೆ ಒಂದು ಹೊಸ ಕಂಪ್ಯೂಟರ್ ಬಂತು. ಕೊಲೆ ಅಂತ ಸಾಬೀತಾದ ಸಾವುಗಳು ಹೇಗಿರುತ್ತವೆ, ಉಳಿದವು ಹೇಗಿರುತ್ತವೆ ಅಂತ ಅದಕ್ಕೆ ಕಲಿಸಿದ್ದರು. ‘ಆಕಸ್ಮಿಕ’ ಅಂತ ಸರ್ಕಾರ ಬರೆದುಕೊಂಡ ಸಾವುಗಳಲ್ಲಿ ಎಷ್ಟು ಕೊಲೆಗಳು ಅಡಗಿವೆ ಅಂತ ಅದು ಅಂದಾಜು ಹೇಳುತ್ತಿತ್ತು. ಚನ್ನಮಲ್ಲಪ್ಪ ಹಿಗ್ಗಿ ಹೀರೇಕಾಯಿಯಾದ. ಊರವರನ್ನು ಸಮುದಾಯ ಭವನದಲ್ಲಿ ಕೂಡಿಸಿದ.

“ಇದಕ್ಕ ಬೀಗರಿಲ್ಲ, ಮುಲಾಜಿಲ್ಲ. ಯಾವ ಸಾವು ಬೇಕಾದ್ರೂ ಕೇಳ್ರಿ!”

ಮುಂದಿನ ಸಾಲಿನಿಂದ ಅವನ ಹೆಂಡತಿ ಗಂಗವ್ವ ಎದ್ದಳು. “ಹೊಸದಾಗಿ ಮದುವ್ಯಾದಾಕಿ. ಮನ್ಯಾಗ ದಿನಾ ಹೊಡ್ತ. ಬಾವ್ಯಾಗ ಸಿಕ್ಕಳು. ತವರಿನವ್ರು ಬರೂದ್ರಾಗ ಸುಟ್ಟಬಿಟ್ರು. ಹಾಕ್ರಿ.”

ಹಾಕಿದ. ಕೊಲೆಯ ಸಂಭವ ತೀರಾ ಹೆಚ್ಚು ಅಂತ ಬಂತು. ಅದು ಚನ್ನಮಲ್ಲಪ್ಪನ ಎದುರುಮನೆಯ ಸೊಸೆ ನಿಂಬೆವ್ವನ ಸಾವು ಅಂತ ಎಲ್ಲರಿಗೂ ಗೊತ್ತು.

“ಅದು... ಇನ್ನೂ ಕಲೀಲಿಕ್ಕತ್ತೈತಿ,” ಅಂದ ಚನ್ನಮಲ್ಲಪ್ಪ. “ಅಂದಾಜಷ್ಟ. ಸಾಕ್ಷಿ ಅಲ್ಲ.”

“ಸಾಕ್ಷಿ ನೀವ ಇದ್ರೆಲ್ರಿ!” ಅಂದಳು ಗಂಗವ್ವ. “ಕಾಲು ಜಾರಿದ್ದು ಕಣ್ಣಾರೆ ಕಂಡೆ ಅಂತ ಪೊಲೀಸರಿಗೆ ಹೇಳಿದ್ರಿ. ಆ ಹೊತ್ತಿನ್ಯಾಗ ನೀವು ಮನ್ಯಾಗ ದಾಡಿ ಮಾಡ್ಕೋತಿದ್ರಿ.”

ಯಾಕೆ ಹೇಳಿದ್ದ? ಎದುರುಮನೆಯವರ ಜೊತೆ ಯಾಕೆ ವೈರ ಅಂತ. ಅಷ್ಟೇ! ಜಿಲ್ಲೆಯ ಕೊಲೆಗಳನ್ನೆಲ್ಲ ಹುಡುಕಲು ಹೊರಟವನು ಒಂದನ್ನು ತಾನೇ ಮುಚ್ಚಿಟ್ಟಿದ್ದ. ಮರುದಿನ ಠಾಣೆಗೆ ಹೋಗಿ, “ನಾ ಸುಳ್ಳು ಹೇಳೀನ್ರಿ” ಅಂದ. ತನಿಖೆ ಮತ್ತೆ ಶುರುವಾಯಿತು. ಓಣಿ ಅವನ ಜೊತೆ ಮಾತು ಬಿಟ್ಟಿತು.

ನಿಂಬೆವ್ವನ ತಾಯಿ ಮನೆಗೆ ಬಂದಳು. ಹರಸುತ್ತಾಳೆ ಅಂದುಕೊಂಡು ಚನ್ನಮಲ್ಲಪ್ಪ ಕೈ ಮುಗಿದು ನಿಂತ.

“ಯಪ್ಪಾ, ನನ್ನ ಮಗಳು ಚೀರಿದ್ದು ನಿಮಗ ಕೇಳಿಸಿತ್ತೇನು?”

“ಕೇಳಿಸಿತ್ತವ್ವಾ.”

“ಮತ್ತ ಯಾಕ ಬರಲಿಲ್ಲ?”

ಮುಗಿದ ಕೈಗಳನ್ನು ಅವನು ಕೆಳಗಿಳಿಸಿದ.

ಅವನನ್ನು ನೋಡಿ ನಗುತ್ತೀರಾ? ನಗಿ. ಆಮೇಲೆ ನನ್ನನ್ನೂ ನೋಡಿ ನಗಿ. ಈ ಮೈಕು ಸಿಕ್ಕರೆ ನನಗೆ ನನ್ನ ದನಿ ಬಿಟ್ಟು ಬೇರೇನೂ ಕೇಳಿಸದು. ಅದಕ್ಕೇ ಹೇಳುತ್ತೇನೆ, ನಿಮಗೂ ನನಗೂ. ಕಾಣದ್ದನ್ನು ಕಂಡೆ ಅನ್ನಬೇಡಿ. ಹೆಣ್ಣುಮಗಳೊಬ್ಬಳು ಸತ್ತರೆ, ಹೇಗೆ ಸತ್ತಳು ಅಂತ ಬಾಯಿ ಬಿಟ್ಟು ಕೇಳಿ. ಬದುಕಿದ್ದಾಗಲೇ ಅವಳು ಚೀರಿದರೆ ಓಡಿ ಹೋಗಿ ಬಾಗಿಲು ಬಡಿಯಿರಿ. ಆಗ ನಾನಿಲ್ಲಿ ಪ್ರವಚನ ಹೇಳುತ್ತಿದ್ದರೂ ಸರಿ, ಎದ್ದುಬಿಡಿ. ಹೇಗೂ ಅರ್ಧ ಜನ ತೂಕಡಿಸುತ್ತಿರುತ್ತೀರಿ, ನನಗೇನೂ ಬೇಜಾರಿಲ್ಲ.

ಆ ಬಾಗಿಲು ಬಡಿಯಲು ಹೋಗುವಾಗ ನನ್ನ ಕೈ ಹಿಡಿದು ಈ ಪೀಠದಿಂದ ಕೆಳಗಿಳಿಸಿ, ನನ್ನನ್ನೂ ಕರೆದುಕೊಂಡು ಹೋಗಿ.